ಫಿಗರ್ ಪೇಂಟಿಂಗ್‌ಗೆ ಮೂವರು ಮೂರು ಥರ ಹೇಳಿದರೆ ಯಾರ ಮಾತು ಕೇಳಬೇಕು?

ಡಿಜಿಟಲ್ ಆಗಿ ಬಿಡಿಸಿದ ಮನುಷ್ಯಾಕೃತಿಯ ಚಿತ್ರವನ್ನು ಮೂವರಿಗೆ ತೋರಿಸಿದಿರಿ, ಮೂವರೂ ಬೇರೆಬೇರೆ ತಪ್ಪು ಹೇಳಿದರು. ಯಾರ ಮಾತು ಕೇಳಲಿ ಎನ್ನುತ್ತೀರಿ, ಬೇರೆಯವರ ಚಿತ್ರದ ತಪ್ಪನ್ನು ಅವರಿಗೆ ಬೇಜಾರಾಗದಂತೆ ಹೇಗೆ ಹೇಳಲಿ ಎಂದೂ ಕೇಳಿದ್ದೀರಿ. ಮೊದಲನೆಯ ಪ್ರಶ್ನೆ ಹಿಡಿದುಕೊಂಡು ಕೂತೇ ನಾನು ಒಂದು ಇಡೀ ಚಿತ್ರ ಕೆಡಿಸಿಕೊಂಡೆ.

ಮುಂಬೈನ ಸಸೂನ್ ಡಾಕ್‌ನಲ್ಲಿ ಕಾಣುವಂಥ, ಕೋಳಿ ಎಂಬ ಮೀನುಗಾರ ಸಮುದಾಯದ ಹೆಂಗಸಿನ ಚಿತ್ರ ಅದು. ಕಚ್ಚೆ ಹಾಕಿ ಉಟ್ಟ ಒಂಬತ್ತು ಗಜದ ಸೀರೆ, ತಲೆ ಮೇಲೆ ಮೀನಿನ ಬುಟ್ಟಿ, ಭಾರವೆಲ್ಲ ಬಲಗಾಲ ಮೇಲೆ. ಪೂರ್ತಿ ಮುಗಿಸಿಯೇ ಮೂವರಿಗೆ ತೋರಿಸಿದೆ. ಒಬ್ಬರು ಕುತ್ತಿಗೆ ಉದ್ದ ಎಂದರು. ಇನ್ನೊಬ್ಬರಿಗೆ ಸೊಂಟ ಮರದ ಗೊಂಬೆಯದರಂತೆ ಕಂಡಿತು. ಮೂರನೆಯವರು ಮಂಗಳೂರು ಕಡೆಯವರು: "ಬುಟ್ಟಿ ಖಾಲಿ ಉಂಟಲ್ಲ ಮಾರಾಯ!"

ಲಿಕ್ವಿಫೈ (ಬಿಡಿಸಿದ್ದನ್ನು ಎಳೆದು ಹಿಗ್ಗಿಸುವ, ಕುಗ್ಗಿಸುವ ಟೂಲ್) ತೆಗೆದು ಕುತ್ತಿಗೆ ಕುಗ್ಗಿಸಿದೆ. ತಲೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಏಳೂವರೆ ತಲೆ ಎತ್ತರವಿದ್ದ ಹೆಂಗಸು ಏಳರ ಹತ್ತಿರಕ್ಕೆ ಇಳಿದು, ತಲೆ ಹೆಗಲೊಳಗೆ ಹೂತುಹೋಯಿತು. ಸೊಂಟಕ್ಕೆ ಸಾಫ್ಟ್ ಏರ್‌ಬ್ರಷ್ ಆಡಿಸಿದೆ, ಸೀರೆ ಬಿಗಿದ ಅಂಚೇ ಕರಗಿತು. ಬುಟ್ಟಿಗೆ ಇನ್ನಷ್ಟು ಬಂಗಡೆ ತುಂಬಿ, ಅಡಿಯಲ್ಲಿ ಕಡುನೆರಳು ಕೊಟ್ಟೆ. ಕಣ್ಣು ಈಗ ಬುಟ್ಟಿಗೇ ಹೋಗುತ್ತಿತ್ತು, ಅದು ಮೊದಲಿಗಿಂತ ಹಗುರವಾಗಿ ಕಾಣುತ್ತಿತ್ತು.

ಮೂವರು ಹೇಳಿದ್ದೂ ಒಂದೇ ತಪ್ಪಿನ ಬಗ್ಗೆ. ಒಂದೇ ಕಾಲ ಮೇಲೆ ಭಾರ ಬಿಟ್ಟಾಗ ಆ ಬದಿಯ ಸೊಂಟ ಮೇಲೇರುತ್ತದೆ, ಇನ್ನೊಂದು ಬದಿ ಇಳಿಯುತ್ತದೆ, ಹೆಗಲಿನ ಗೆರೆ ಅದಕ್ಕೆ ಎದುರಾಗಿ ವಾಲುತ್ತದೆ. (ಡೊಂಬಿವಲಿ ಪ್ಲಾಟ್‌ಫಾರ್ಮ್‌ನಲ್ಲಿ ಲೋಕಲ್‌ಗೆ ಕಾಯುವವರನ್ನು ಐದು ನಿಮಿಷ ನೋಡಿ, ಪುಸ್ತಕ ಬೇಡ.) ಎದುರಿನಿಂದ ನೋಡುವಾಗ ಕೊರಳ ಬುಡದ ಕುಳಿಯಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟರೆ ಅದು ಭಾರ ಹೊತ್ತ ಪಾದದ ಹತ್ತಿರ ಬೀಳಬೇಕು. ನನ್ನ ಚಿತ್ರದಲ್ಲಿ ಎರಡು ಪಾದಗಳ ನಡುವೆ ಬೀಳುತ್ತಿತ್ತು. ಎಡಪಾದ ಬೆರಳ ತುದಿಯಲ್ಲಿದೆ, ಸೊಂಟ ಮಾತ್ರ ಮಟ್ಟಗೋಲು ಇಟ್ಟಂತೆ ಸಮ. ಅದಕ್ಕೇ ಗೊಂಬೆ. ಮೇಲೆ ಹೊರೆಯಿದ್ದರೆ ತಲೆ ಪಕ್ಕಕ್ಕೆ ವಾಲುವಂತಿಲ್ಲ, ಬುಟ್ಟಿಯ ನಡುವೂ ಕುತ್ತಿಗೆಯೂ ಒಂದೇ ಗೆರೆಯಲ್ಲಿರಬೇಕು, ಬಳುಕುವ ಕೆಲಸವೆಲ್ಲ ಸೊಂಟದ್ದು. ನಾನು ತಲೆಯನ್ನು ಚೆಂದಕ್ಕೆ ಎಡಕ್ಕೆ ವಾಲಿಸಿದ್ದರಿಂದ ಬಲಗಡೆ ಕುತ್ತಿಗೆ ಚಾಚಿಕೊಂಡು ಉದ್ದ ಕಂಡಿತು, ಬುಟ್ಟಿ ಖಾಲಿ ಕಂಡಿತು. ಮುಖಕ್ಕೆ ಒಂದು ಫೋಟೊ, ಕಾಲಿಗೆ ಇನ್ನೊಂದು ಫೋಟೊ ನೋಡಿ ಬಿಡಿಸಿದ್ದೆ. ಮುಖದ ಫೋಟೊದಲ್ಲಿದ್ದವಳು ಏನನ್ನೂ ಹೊತ್ತಿರಲಿಲ್ಲ. ಕರಡಿನಲ್ಲಿ ಐದು ನಿಮಿಷಕ್ಕೆ ಸರಿಹೋಗುತ್ತಿದ್ದ ವಿಷಯ. ಒಂದರ ಮೇಲೊಂದು ಇಟ್ಟ ಲೇಯರ್ (ಪದರ) ಎಲ್ಲ ಮರ್ಜ್ ಆಗಿ ಒಂದಾದ ಮೇಲೆ ಸೊಂಟವನ್ನು ಸ್ವಲ್ಪ ತಿರುಗಿಸಿದರೂ ಸೀರೆಯ ಪ್ರತಿ ಮಡಿಕೆ, ಅದರ ಮೇಲಿನ ಬೆಳಕು, ಎಲ್ಲ ಮತ್ತೆ ಬಿಡಿಸಬೇಕು.

ಹಾಗಾಗಿ ಮೂವರ ಮಾತೂ ಕೇಳಿ, ಆದರೆ ಅವರು ಸೂಚಿಸುವ ಮದ್ದು ತಕ್ಷಣ ಹಚ್ಚಬೇಡಿ. ನೋಡುವವರ ಕಣ್ಣು ಎಲ್ಲಿ ಎಡವಿತು ಎಂಬುದು ಸಾಮಾನ್ಯವಾಗಿ ನಿಜ, ಏಕೆ ಎಡವಿತು ಎಂಬುದಕ್ಕೆ ಅವರು ಕೊಡುವ ಕಾರಣ ಹಲವು ಸಲ ತಪ್ಪು. ಕೈ ಸಣ್ಣದು ಎಂದರೆ ಕೈ ದೊಡ್ಡದು ಮಾಡುವ ಮೊದಲು ಮುಂಗೈ (ಮೊಣಕೈಯಿಂದ ಮಣಿಕಟ್ಟಿನವರೆಗೆ) ಉದ್ದವಾಗಿದೆಯೇ ನೋಡಿ. ಫೋನನ್ನು ತೀರಾ ಹತ್ತಿರ ಹಿಡಿದು ತೆಗೆದ ಫೋಟೊ ಆದರೆ ಮುಂದೆ ಚಾಚಿದ ಕೈ ಊದಿಕೊಂಡಿರುತ್ತದೆ, ಹಿಂದಿನದು ಕುಗ್ಗಿರುತ್ತದೆ. ಚರ್ಮ ಮಣ್ಣುಮಣ್ಣಾಗಿದೆ ಎಂದರೆ ಬಣ್ಣದ ಗಾಢತೆ ಏರಿಸಬೇಡಿ. ನೆರಳಿಗೆ ಬರೀ ಕಪ್ಪು ಬೆರೆಸಿರುತ್ತೀರಿ, ಇಲ್ಲವೇ ನೆರಳೊಳಗಿನ ಪ್ರತಿಫಲಿತ ಬೆಳಕನ್ನು ಬೆಳಕಿನ ಬದಿಯಷ್ಟೇ ಹೊಳಪಾಗಿಸಿರುತ್ತೀರಿ. ಮೇಲೊಂದು ಲೇಯರ್‌ಗೆ ಕಪ್ಪು ತುಂಬಿ, ಬ್ಲೆಂಡ್ ಮೋಡ್ (ಆ ಲೇಯರ್ ಕೆಳಗಿನದರ ಜೊತೆ ಬೆರೆಯುವ ರೀತಿ) 'ಕಲರ್' ಮಾಡಿ. ಚಿತ್ರ ಕಪ್ಪು-ಬಿಳುಪಾಗಿ ಗುಟ್ಟು ಹೊರಬೀಳುತ್ತದೆ.

ತೋರಿಸುವುದು ಮೂರು ಸಲ: ಗೆರೆಯ ಕರಡು, ಬೆಳಕು-ನೆರಳಿನ ಎರಡೇ ಛಾಯೆ ಹಾಕಿದ ಮೇಲೆ, ಮುಖದ ವಿವರಕ್ಕೆ ಇಳಿಯುವ ಮೊದಲು. 'ಹೇಗಿದೆ?' ಎಂದು ಕೇಳಿದರೆ 'ಸೂಪರ್' ಬರುತ್ತದೆ, ಅಷ್ಟೇ. 'ಯಾವ ಕಾಲ ಮೇಲೆ ನಿಂತಿದ್ದಾಳೆ? ಬೆಳಕು ಎಲ್ಲಿಂದ?' ಎಂದು ಕೇಳಿ. ಉತ್ತರಕ್ಕೆ ತಡವರಿಸಿದರೆ ತಪ್ಪು ನಿಮ್ಮದೇ, ವಿವರಿಸಲು ಹೋಗಬೇಡಿ. ಕಳಿಸುವ ಮೊದಲು ಕ್ಯಾನ್ವಾಸ್ ಅಡ್ಡಕ್ಕೆ ಫ್ಲಿಪ್ ಮಾಡಿ ನೋಡಿ, ಆಕೃತಿಗೆ ಪೂರ್ತಿ ಕಪ್ಪು ತುಂಬಿಯೂ ನೋಡಿ. ರೆಫರೆನ್ಸ್ ಫೋಟೊ ಜೊತೆಗಿಡಿ. ವಾಟ್ಸಾಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ, ಹಾಗೆ ಮೂಡಿದ ಮಸುಕು ಚುಕ್ಕೆಗಳಿಗೂ ಅವರು ಫೀಡ್‌ಬ್ಯಾಕ್ ಕೊಡುತ್ತಾರೆ! ಪರದೆಯನ್ನು ಹಳದಿಯಾಗಿಸುವ ನೈಟ್ ಶಿಫ್ಟ್ ಸೆಟ್ಟಿಂಗ್ ಆಫ್ ಮಾಡದೆ ಚರ್ಮದ ಬಣ್ಣದ ಬಗ್ಗೆ ಯಾರೂ ಮಾತಾಡಬಾರದು.

ಇನ್ನು ನೀವು ಹೇಳುವ ಸರದಿ. ಎರಡು ಹೊಗಳಿಕೆಯ ನಡುವೆ ಒಂದು ತಪ್ಪು ಅಡಗಿಸುವ ಪದ್ಧತಿ ನನಗೆ ಹಿಡಿಸುವುದಿಲ್ಲ, ಕೇಳಿದವರು ಹೊಗಳಿಕೆ ಮಾತ್ರ ಮನೆಗೊಯ್ಯುತ್ತಾರೆ. ಹೊಗಳಿದರೆ ಏನನ್ನು ಮುಟ್ಟಬಾರದು ಎಂದು ತಿಳಿಸಲು ಹೊಗಳಿ: 'ಭುಜದ ಅಂಚು ಹಿನ್ನೆಲೆಯಲ್ಲಿ ಕರಗಿದ್ದು ಹಾಗೇ ಇರಲಿ.' ತಪ್ಪಿಗೆ ಜಾಗ ಮೊದಲು, ಕಂಡದ್ದು ಆಮೇಲೆ, ಊಹೆ ಕೊನೆಗೆ: 'ಬಲ ಸೊಂಟದ ಹತ್ತಿರ ಬೀಳುತ್ತಾಳೆ ಅನ್ನಿಸಿತು, ಸೊಂಟದ ಗೆರೆ ಸಮವಾಗಿರುವುದಕ್ಕೆ ಇರಬಹುದು.' ಭಂಗಿ, ಅಳತೆ, ಬೆಳಕು-ನೆರಳು, ಅಂಚು, ಬಣ್ಣ, ಈ ಸಾಲಿನಲ್ಲಿ ಮೊದಲು ಎಲ್ಲಿ ಮುರಿದಿದೆಯೋ ಅಲ್ಲೇ ನಿಲ್ಲಿ. ಸೊಂಟ ಮುರಿದಿರುವಾಗ ರೆಪ್ಪೆಯ ವಿಷಯ ಯಾಕೆ?

ಅವರ ಚಿತ್ರದ ಮೇಲೆ ಗೆರೆ ಎಳೆಯುವುದಾದರೆ ಕೇಳಿ ಎಳೆಯಿರಿ. ಮೂಲ ಚಿತ್ರ ತಿಳಿಯಾಗಿ ಕಾಣುವಂತೆ ಅದರ ಒಪಾಸಿಟಿ 30–40%ಗೆ ಇಳಿಸಿ, ಹೊಸ ಲೇಯರ್‌ನಲ್ಲಿ ಒಂದೇ ಕೆಂಪು ಬಣ್ಣ, ಮೂರೇ ಗೆರೆ: ಹೆಗಲು, ಸೊಂಟ, ತೂಗುಗುಂಡು. ಮುಖ ತಿದ್ದಲು ಕೂತಿರೋ, ಅದು ನಿಮ್ಮ ಚಿತ್ರವಾಗುತ್ತದೆ, ಅವರು ಕಲಿಯುವುದು ಸೊನ್ನೆ.

ನಿಮ್ಮದನ್ನು ಇನ್ನೂ ಮರ್ಜ್ ಮಾಡಿಲ್ಲವಾದರೆ ಒಂದು ಕಾಪಿ ತೆಗೆದಿಟ್ಟು, ಆ ಮೂವರು ಹೇಳಿದ ಜಾಗಗಳಿಗೆ ಸುತ್ತು ಹಾಕಿ, ಅದರ ಮೇಲೆ ಈ ಮೂರು ಗೆರೆ ಎಳೆದು ನೋಡಿ.