ಪ್ರತಿಕ್ರಿಯೆ: ರಾಗಿ ಹುಲ್ಲು, ಮುಸುಕಿನ ಜೋಳ, ಎಲೆಕೋಸು ಕೊಟ್ಟರೂ 20 ಕೆಜಿ ಕುರಿಮರಿಗಳ ತೂಕ ಏರುತ್ತಿಲ್ಲ

ನಿಮ್ಮ ಮರಿಗಳ ಹೊಟ್ಟೆ ತುಂಬುತ್ತಿದೆ, ಪ್ರೋಟೀನ್ ಸಾಲುತ್ತಿಲ್ಲ. ರಾಗಿ ಹುಲ್ಲಿನಲ್ಲಿ ಅದು ಶೇ 3–4, ಮುಸುಕಿನ ಜೋಳದಲ್ಲಿ ಸುಮಾರು ಶೇ 9. ಮಾರ್ಕೆಟ್‌ನಿಂದ ತರುವ ಎಲೆಕೋಸಿನ ಎಲೆ ಹೆಚ್ಚುಕಡಿಮೆ ನೀರೇ. ಈ ತೂಕದ ಮರಿ ದಿನಕ್ಕೆ 750 ಗ್ರಾಂನಷ್ಟು ಒಣ ಮೇವು ತಿನ್ನುತ್ತದೆ, ಚೆನ್ನಾಗಿ ಬೆಳೆಯಲು ಅದರಲ್ಲಿ 90–95 ಗ್ರಾಂ ಪ್ರೋಟೀನ್ ಬೇಕು.

ಮರಿಯೊಂದಕ್ಕೆ ದಿನಕ್ಕೆ ಕತ್ತರಿಸಿದ ರಾಗಿ ಹುಲ್ಲು 300 ಗ್ರಾಂ, ತೊಗರಿ ಅಥವಾ ಅವರೆ ಹೊಟ್ಟು 150, ಮುಸುಕಿನ ಜೋಳದ ನುಚ್ಚು 100, ಗೋಧಿ ಬೂಸಾ 100, ಕಡಲೆಕಾಯಿ ಹಿಂಡಿ 120 ಕೊಡಿ. ಹಿಂಡಿಯನ್ನು 30 ಗ್ರಾಂನಿಂದ ಶುರುಮಾಡಿ ಹತ್ತು ದಿನದಲ್ಲಿ ಪೂರ್ತಿ ಅಳತೆಗೆ ತನ್ನಿ, ಎರಡು ಹೊತ್ತಿಗೆ ಹಂಚಿ. ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬರ, ಕರುಳು ಬೇನೆ (ಎಂಟರೋಟಾಕ್ಸೀಮಿಯಾ ರೋಗ) ಬರಬಹುದು. ಕರುಳು ಬೇನೆ ಲಸಿಕೆ ಆಗಿಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.

ಹಿಂಡಿ ಒಡೆದು ನೋಡಿಯೇ ತನ್ನಿ. ಬೂಷ್ಟಿನ ವಾಸನೆ ಇದ್ದರೆ ಬೇಡವೇ ಬೇಡ: ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಲಿವರ್ ಕೆಡಿಸುತ್ತದೆ, ಬೇಯಿಸಿದರೂ ಹೋಗದು.

ಹತ್ತಿರದ ಬ್ರೂವರಿಯಿಂದ ಹಸಿ ಬಾರ್ಲಿ ಚರಟ (ಬಿಯರ್ ತಯಾರಿಸಿದ ಮೇಲೆ ಉಳಿಯುವ ಬಾರ್ಲಿ) ಸಿಕ್ಕರೆ ಮರಿಗೆ ದಿನಕ್ಕೆ ಅರ್ಧ ಕೆಜಿ ಹಾಕಿ ಹಿಂಡಿಯನ್ನು 60 ಗ್ರಾಂ ಇಳಿಸಬಹುದು. ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ, ಹುಳಿದು ಬೂಷ್ಟು ಹಿಡಿಯುತ್ತದೆ.

ದನಗಳ ಮಿನರಲ್ ಮಿಕ್ಸ್ಚರ್ ಕೊಡಬೇಡಿ, ಅದರ ತಾಮ್ರ ಕುರಿಗೆ ವಿಷ. ಕುರಿಯದ್ದೇ ಕೇಳಿ ತನ್ನಿ.

ಜಂತುಹುಳುವೂ ಇರಬಹುದು, ಬರೀ ಪ್ರಶ್ನೆ ಓದಿ ಅದನ್ನು ತಳ್ಳಿಹಾಕಲಾಗದು. ಮೂರು ವಾರ ಬಿಟ್ಟು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಗಿ. ಏರಿಲ್ಲದಿದ್ದರೆ ತಾಜಾ ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ದು ಪರೀಕ್ಷೆ ಮಾಡಿಸಿ.