ಕೇಕಿಗೆ ಬಾಳೆಹಣ್ಣು ಬೇಗ ಮಾಗಿಸುವುದು ಹೇಗೆ?

ಪ್ರಶ್ನೆ: ನಾಡಿದ್ದು ಕೇಕ್ ಮಾಡಬೇಕಾಗಿದೆ; ತಂದಿರುವ ಪಚ್ಚಬಾಳೆ ಇನ್ನೂ ಗಟ್ಟಿಯಾಗಿದೆ. ಓವನ್‌ನಲ್ಲಿಟ್ಟು ಹಣ್ಣು ಮಾಡಬಹುದೇ?

ಉತ್ತರ: ಓವನ್‌ಗಿಂತ ಕಾಗದದ ಚೀಲವೇ ಮೇಲು. ಚೀಲದೊಳಗೆ ಬಾಳೆಯ ಜೊತೆ ಒಂದು ಮಾಗಿದ ಸೇಬನ್ನೂ ಇಟ್ಟು, ಬಾಯಿ ಮಡಚಿ ಬೆಚ್ಚಗಿನ ಮೂಲೆಯಲ್ಲಿರಿಸಿದರೆ, ಹಣ್ಣುಗಳು ಹೊರಬಿಡುವ ಎಥಿಲೀನ್ ಅನಿಲ ಅಲ್ಲಿಯೇ ಉಳಿದು, ಪಿಷ್ಟವು ಸಕ್ಕರೆಯಾಗುವ ಕ್ರಿಯೆ ಚುರುಕಾಗುತ್ತದೆ. ಹಳದಿಗೆ ತಿರುಗಿದ ಕಾಯಿಯಾದರೆ ಒಂದೆರಡು ದಿನಗಳಲ್ಲಿ ಸಿಪ್ಪೆಯ ಮೇಲೆ ಕಂದು ಚುಕ್ಕೆಗಳು ಮೂಡುತ್ತವೆ. ನಮ್ಮ ಹಿರಿಯರು ಅಕ್ಕಿ ಡಬ್ಬಿಯಲ್ಲಿ ಕಾಯಿ ಹುದುಗಿಸುತ್ತಿದ್ದುದೂ ಇದೇ ಕಾರಣಕ್ಕೆ. ಪ್ಲಾಸ್ಟಿಕ್ ಚೀಲ ಬೇಡ, ತೇವ ನಿಂತು ಬೂಸ್ಟು ಹಿಡಿಯುತ್ತದೆ.

ಓವನ್‌ನಲ್ಲಿ 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸಿಪ್ಪೆ ಸಮೇತ 15–20 ನಿಮಿಷ ಇಟ್ಟರೆ ತಿರುಳು ಮೆತ್ತಗಾಗುವುದು ನಿಜ. ಆದರೆ ಅದು ಬೇಯುತ್ತದೆಯೇ ಹೊರತು ಮಾಗುವುದಿಲ್ಲವಾದ್ದರಿಂದ, ಹಸಿರು ಕಾಯಿಯಿಂದ ಸಿಹಿಯನ್ನು ನಿರೀಕ್ಷಿಸಬೇಡಿ.