ಪತ್ರಿಕೆ ವರದಿ ಇರುವಾಗ ವಕೀಲರು ಬರೆದದ್ದನ್ನೂ ಓದಬೇಕಾ?

ಕೋರ್ಟ್ ಸುದ್ದಿ ಪತ್ರಿಕೆಯಲ್ಲೇ ಬರುತ್ತಲ್ಲ, ವಕೀಲರು ಬರೆಯುವುದನ್ನು ಬೇರೆಯಾಗಿ ಓದಬೇಕಾ, ಓದಿದರೆ ಯಾರನ್ನು ಅಂತ ಕೇಳಿದ್ದೀರಿ. ನಾನು ವಕೀಲನಲ್ಲ, ಸುಮ್ನೆ ಆಸಕ್ತಿಯಿಂದ ಓದುವವನು. ಓದಿ ಅಂತಲೇ ಹೇಳುತ್ತೇನೆ.

2012ರ ಜೂನ್ 28ನ್ನೇ ನೋಡಿ. ಅಮೆರಿಕದ ಆರೋಗ್ಯ ವಿಮೆ ಕಾನೂನಿನ ಬಗ್ಗೆ ಅಲ್ಲಿನ ಸುಪ್ರೀಂ ಕೋರ್ಟಿನ ತೀರ್ಪು ಬಂದ ದಿನ. ವಿಮೆ ಕಡ್ಡಾಯ ಮಾಡಿದ್ದು ಬಿದ್ದುಹೋಯಿತು ಅಂತ ಸಿಎನ್ಎನ್, ಫಾಕ್ಸ್ ಎರಡೂ ಟಿವಿ ಚಾನೆಲ್‌ಗಳು ಮೊದಲು ಹೇಳಿಬಿಟ್ಟವು. ಸಂಸತ್ತಿಗಿರುವ ವ್ಯಾಪಾರ ನಿಯಂತ್ರಿಸುವ ಅಧಿಕಾರದಡಿ ಅದು ನಿಲ್ಲುವುದಿಲ್ಲ ಅಂತ ತೀರ್ಪಿನಲ್ಲಿ ಮೊದಲು ಇತ್ತು, ನಿಜ. ಆದರೆ ತೆರಿಗೆಯಾಗಿ ನಿಲ್ಲುತ್ತದೆ ಅಂತ ಮುಂದೆ ಇತ್ತು! ಆ ಕೋರ್ಟಿನ ಬಗ್ಗೆಯೇ ವಕೀಲರು ನಡೆಸುತ್ತಿದ್ದ ಸ್ಕಾಟಸ್‌ಬ್ಲಾಗ್ ಅನ್ನುವ ಜಾಲತಾಣ ಮುಂದಿನದನ್ನೂ ಓದಿ ಸರಿಯಾಗಿ ಹೇಳಿತು.

ಇದು ಹಳೆಯ ಕತೆ. ಈಚಿನವರಲ್ಲಿ ನನಗೆ ಇಷ್ಟವಾದವರು ಲಂಡನ್ನಿನ ಬ್ಯಾರಿಸ್ಟರ್ ಆಡಂ ವ್ಯಾಗ್ನರ್. ಲಾಕ್‌ಡೌನ್ ಹೊತ್ತಿನಲ್ಲಿ ಇಂಗ್ಲೆಂಡಿನ ನಿಯಮಗಳು ಪದೇ ಪದೇ ಬದಲಾಗುತ್ತಿದ್ದವು, ಮಂತ್ರಿಗಳು ಟಿವಿಯಲ್ಲಿ ಹೇಳುವುದು ಒಂದು, ಅಚ್ಚಾದ ಕಾನೂನಿನಲ್ಲಿ ಇರುವುದು ಇನ್ನೊಂದು. ವ್ಯಾಯಾಮಕ್ಕೆ ದಿನಕ್ಕೆ ಒಂದೇ ಸಲ ಹೊರಗೆ ಹೋಗಬೇಕು ಅಂತ ಜನ ನಂಬಿದ್ದರು, ಆದರೆ 2020ರ ಮಾರ್ಚಿನ ಇಂಗ್ಲೆಂಡಿನ ನಿಯಮದಲ್ಲಿ ಆ ಮಿತಿಯೇ ಇರಲಿಲ್ಲ, ಪಕ್ಕದ ವೇಲ್ಸ್‌ನಲ್ಲಿ ಮಾತ್ರ ಇತ್ತು. ಇವರು ಕೂತು ತಿದ್ದುಪಡಿಗಳನ್ನೆಲ್ಲ ಓದಿ, ಯಾವುದು ಕಾನೂನು, ಯಾವುದು ಬರೀ ಸಲಹೆ ಅಂತ ಬಿಡಿಸಿ ಬರೆದರು. ದಂಡ ಕಟ್ಟಬೇಕಾದವನಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಭಾರತದ ಸಂವಿಧಾನದ ಬಗ್ಗೆ ವಕೀಲ ಗೌತಮ್ ಭಾಟಿಯಾ 2013ರಿಂದ ತಮ್ಮ ಬ್ಲಾಗಿನಲ್ಲಿ ಬರೆಯುತ್ತಿದ್ದಾರೆ. ತೀರ್ಪಿನಲ್ಲಿ ಏನಿದೆ ಅನ್ನುವುದು ಎಲ್ಲ ಕಡೆ ಸಿಗುತ್ತದೆ. ಕೋರ್ಟ್ ಯಾವ ಪ್ರಶ್ನೆಯಿಂದ ಜಾರಿಕೊಂಡಿತು, ಕೇಸನ್ನು ವರ್ಷಗಟ್ಟಲೆ ಹಾಗೇ ಇಟ್ಟರೆ ಯಾರಿಗೆ ಅನುಕೂಲ ಅಂತ ಇವರು ಕೆದಕುತ್ತಾರೆ. ಬರಹ ಉದ್ದ, ಕೆಲವೊಮ್ಮೆ ತೀರಾ ಉದ್ದ, ಎಲ್ಲವನ್ನೂ ನಾನು ಒಪ್ಪುವುದೂ ಇಲ್ಲ. ಆದರೆ ಆ ಕೇಸಿನಲ್ಲಿ ತಾವೇ ವಕೀಲರಾಗಿದ್ದರೆ ಅದನ್ನು ಅಲ್ಲೇ ಹೇಳುತ್ತಾರೆ. ನಾನು ಯಾರನ್ನು ಓದಿದರೂ ಮೊದಲು ಹುಡುಕುವುದು ಆ ಒಂದು ಸಾಲನ್ನೇ. ಒಂದು ಕಡೆಯ ಪರ ವಾದಿಸಿ ಫೀಸು ತೆಗೆದುಕೊಂಡವರು ಅದನ್ನು ಮುಚ್ಚಿಟ್ಟು ತಟಸ್ಥರ ಹಾಗೆ ಬರೆದರೆ ನಾನು ಮುಂದೆ ಓದುವುದಿಲ್ಲ. ಬರೀ ತಾವು ಗೆದ್ದ ಕೇಸುಗಳ ಬಗ್ಗೆ ಬರೆಯುವವರನ್ನೂ ಅಷ್ಟೇ, ಅದು ಜಾಹೀರಾತು.

ಹೊಸಬರಾದರೆ ವ್ಯಾಗ್ನರ್ ಸುಲಭ. ಭಾಟಿಯಾ ಅವರದ್ದನ್ನು ಓದುವಾಗ ಮೂಲ ತೀರ್ಪನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.